ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆ: ಅರಸರದ್ದಾ, ಸಾಹುಕಾರರದ್ದಾ?

ಬೆಂಗಳೂರು ಅರಮನೆ ರಸ್ತೆಯ ಆರ್ಟ್ ಗ್ಯಾಲರಿ (ನ್ಯಾಷನಲ್ ಗ್ಯಾಲರಿ ಆಫ್ ಮಾಡರ್ನ್ ಆರ್ಟ್) ಕಟ್ಟಡ ಮಹಾರಾಜರದ್ದಾ, ಹಾಗಿದ್ರೆ 'ಮಾಣಿಕ್ಯವೇಲು' ಅನ್ನೋ ಹೆಸರು ಯಾಕೆ ಅಂತ ಕೇಳಿದ್ದೀರಿ. ಎರಡೂ ಸರಿ ಸಾರ್. ಮೊದಲು ಅದು ಮೈಸೂರು ಅರಸು ಮನೆತನದ ಬಂಗಲೆ. ಅವರಿಂದ ಕೊಂಡವರು ಮಾಣಿಕ್ಯವೇಲು ಮೊದಲಿಯಾರ್. ಮ್ಯಾಂಗನೀಸ್, ಕ್ರೋಮ್ ಗಣಿಗಳಲ್ಲಿ ದುಡ್ಡು ಮಾಡಿದವರು. ಅರಸರ ಮನೆ ಗಣಿ ಸಾಹುಕಾರರ ಪಾಲಾಯ್ತು, ಹೆಸರು ಮಾತ್ರ ಸಾಹುಕಾರರದ್ದೇ ಉಳಿದುಕೊಂಡಿತು. ತಮಾಷೆ ಅಲ್ವಾ?

1960ರ ದಶಕದಲ್ಲಿ ಬಂಗಲೆ ಸಿಐಟಿಬಿ ಕೈಗೆ ಬಂತು. ಈಗಿನ ಬಿಡಿಎಗೆ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಮುಂಚೆ ಇದ್ದ ಸಂಸ್ಥೆ ಅದು. ಆಮೇಲೆ ಹೌಸಿಂಗ್ ಬೋರ್ಡ್‌ಗೆ ಹೋಯ್ತು. 2000ದಲ್ಲಿ ಕೇಂದ್ರ ಸಂಸ್ಕೃತಿ ಇಲಾಖೆಗೆ ಲೀಸ್‌ಗೆ ಕೊಟ್ಟರು. ರಿಪೇರಿ ಮುಗಿದು ಗ್ಯಾಲರಿ ಶುರುವಾಗಿದ್ದು 2009ರ ಫೆಬ್ರವರಿಯಲ್ಲಿ.

ಜಾಗ ಸುಮಾರು ಮೂರೂವರೆ ಎಕರೆ. ಹಳೆ ಮನೆ ಹಾಗೇ ಇದೆ, ಹಿಂದೆ ಹೊಸ ಕಟ್ಟಡ ಸೇರಿಸಿದ್ದಾರೆ, ನಡುವೆ ನೀರಿನ ಕೊಳ. ಹೊಸದು ಹಳೆಯದರ ಮೇಲೆ ಸವಾರಿ ಮಾಡಿಲ್ಲ, ನನಗೆ ಅದೇ ಇಷ್ಟ. ಗೇಟು ದಾಟಿದರೆ ದೊಡ್ಡ ಮರಗಳ ನೆರಳು, ಬಸ್ಸಿನ ಹಾರ್ನ್ ಅಲ್ಲೇ ಸಣ್ಣಗಾಗುತ್ತೆ. ಚಿತ್ರ ನೋಡದಿದ್ರೂ ಪರವಾಗಿಲ್ಲ, ಸುಮ್ನೆ ಅಲ್ಲಿ ಕೂತು ಬನ್ನಿ. ಸೋಮವಾರ ಮಾತ್ರ ಹೋಗಬೇಡಿ, ಬಾಗಿಲು ಹಾಕಿರುತ್ತೆ.