ಮಕ್ಕಳು ಕಾಲೇಜಿಗೆಂದು ಊರು ಬಿಟ್ಟರೆ ಮನೆ ಖರ್ಚು ಇಳಿಯುತ್ತದೆಯೇ?

ಅಡುಗೆಮನೆಯಲ್ಲಿ ಇಳಿಯುತ್ತದೆ, ಪಾಸ್‌ಬುಕ್ಕಿನಲ್ಲಿ ಇಳಿಯುವುದಿಲ್ಲ. ಮಗಳು ಶಿವಮೊಗ್ಗದಿಂದ ಬೆಂಗಳೂರಿಗೆ ಇಂಜಿನಿಯರಿಂಗ್ ಓದಲು ಹೋದ ಮೇಲೆ ನಮ್ಮ ಮನೆಗೆ ಬರುತ್ತಿದ್ದ ಮೂರು ಪ್ಯಾಕೆಟ್ ಹಾಲು ಎರಡಾಯಿತು. ತಿಂಗಳಿಗೆ ಮುಗಿಯುತ್ತಿದ್ದ 14.2 ಕೆಜಿ ಸಿಲಿಂಡರ್ ಈಗ ನಲವತ್ತು ದಿನ ಬರುತ್ತದೆ. ಮೊದಲೆರಡು ವಾರವಂತೂ ಹಳೇ ಅಳತೆಯಲ್ಲೇ ದೋಸೆಗೆ ರುಬ್ಬಿ, ಹಿಟ್ಟು ಹುಳಿಯಾಗಿ ಚೆಲ್ಲಿದ್ದೇ ಬಂತು! ಆದರೆ ಬಾಡಿಗೆ, ವೈಫೈ, ಕೆಲಸದಾಕೆಯ ಸಂಬಳ ತಲೆ ಲೆಕ್ಕ ನೋಡುವುದಿಲ್ಲ. ಗೃಹಜ್ಯೋತಿಯಲ್ಲಿ ಶೂನ್ಯ ಬಿಲ್ ಬರುವವರಿಗೆ ಕರೆಂಟಿನಲ್ಲೂ ಹೊಸದಾಗಿ ಉಳಿಯುವುದೇನಿಲ್ಲ.

ಅತ್ತ ಇನ್ನೊಂದು ಪುಟ್ಟ ಸಂಸಾರ ಶುರುವಾಗಿರುತ್ತದೆ. ಪಿಜಿ ಬಾಡಿಗೆ ಎಲ್ಲರ ಲೆಕ್ಕದಲ್ಲೂ ಇರುತ್ತದೆ. ಅಡ್ವಾನ್ಸ್, ಹಾಸಿಗೆ, ಬಕೆಟ್ಟು, ಲ್ಯಾಪ್‌ಟಾಪ್ ಒಂದೇ ತಿಂಗಳಲ್ಲಿ ಬಂದಾಗ ಕೈ ಕಚ್ಚುತ್ತದೆ. ಆಮೇಲಿನದು ಸಣ್ಣ ಸಣ್ಣ ಯುಪಿಐ: ಜೆರಾಕ್ಸಿಗೆ 40, ಆಟೋಗೆ 120, ಪಿಜಿ ಸಾರು ಸೇರದ ರಾತ್ರಿ ಹೊರಗಿನ ಊಟಕ್ಕೆ 180. ನಾನು ಕೇಳಿದಾಗೆಲ್ಲ ಕಳಿಸುವುದು ಬಿಟ್ಟು ಒಂದನೇ ತಾರೀಖು ಒಟ್ಟಿಗೆ ಹಾಕತೊಡಗಿದೆ. ಜಗಳ ಕಡಿಮೆಯಾಯಿತು, ಖರ್ಚೂ ತಕ್ಕಮಟ್ಟಿಗೆ.

ಹಬ್ಬದ ಓಡಾಟಕ್ಕೆ ಬೇರೆ ದುಡ್ಡಿಡಿ. ದೀಪಾವಳಿ ಹೊತ್ತಿಗೆ ಖಾಸಗಿ ಬಸ್ಸಿನವರು ಹೇಳಿದ್ದೇ ರೇಟು. ರೈಲು ಟಿಕೆಟ್ 60 ದಿನ ಮೊದಲೇ ಸಿಗುತ್ತದೆ, ಆಗಲೇ ಮಾಡಿಸಿ. ಹಳೇ ತೆರಿಗೆ ಪದ್ಧತಿಯಲ್ಲಿರುವವರು ಒಂದು ನೆನಪಿಡಿ: ಕಾಲೇಜಿಗೆ ಕಟ್ಟಿದ ಹಣದಲ್ಲಿ ತೆರಿಗೆ ವಿನಾಯಿತಿ ಬೋಧನಾ ಶುಲ್ಕಕ್ಕೆ ಮಾತ್ರ, ಹಾಸ್ಟೆಲ್ ಫೀಸಿಗಿಲ್ಲ. ರಸೀದಿಯಲ್ಲಿ ಎರಡನ್ನೂ ಬೇರೆ ಬೇರೆ ಬರೆಸಿಕೊಳ್ಳಿ.