ಖಾರದ ಪುಡಿಯ ಪೊಟ್ಟಣಕ್ಕೆ ಯಾವ ಸಿಂಹ?

ಪ್ರಶ್ನೆ: ನಾನೂ ಮಗಳೂ ಬ್ಯಾಡಗಿ ಮೆಣಸಿನಕಾಯಿಯ ಖಾರದ ಪುಡಿ ಮಾಡಿ ಮಾರುತ್ತೇವೆ. ಪೊಟ್ಟಣದ ಮೇಲೆ ಸಿಂಹದ ಗುರುತು ಇರಬೇಕೆಂದು ಮಗಳ ಆಸೆ. ‘ನಮ್ಮ ಕಡೆ ಸಿಂಹ ಯಾವಾಗ ಇತ್ತು? ಹುಲಿ ಹಾಕಿಸಿ’ ಎಂದು ಮಾವನವರು ಪಟ್ಟು ಹಿಡಿದಿದ್ದಾರೆ. ಮುದ್ರಣದವರು ಮೂರು ಮುಖದ ಸಿಂಹ ತೋರಿಸುತ್ತಿದ್ದಾರೆ. ಏನು ಮಾಡಲಿ?
— ಓದುಗರೊಬ್ಬರು, ಹಾನಗಲ್

ಉತ್ತರ: ತಂಗಿ, ಮೂರು ಮುಖದ್ದನ್ನು ಇಂದೇ ಕೈಬಿಡಿ. ಅದು ಸಾರನಾಥದ ಅಶೋಕ ಸ್ತಂಭದ ಸಿಂಹ, 1950ರ ಜನವರಿ 26ರಿಂದ ದೇಶದ ಲಾಂಛನ. ವ್ಯಾಪಾರಕ್ಕೆ ಅದನ್ನು ಬಳಸದಂತೆ 2005ರಲ್ಲಿ ಕಾಯಿದೆಯೇ ಬಂದಿದೆ.

ಮಾವನವರ ಮಾತಿನಲ್ಲಿ ಹುರುಳಿದೆ. ಭಾಷೆಯೇ ಅವರ ಪರ ಸಾಕ್ಷಿ ನುಡಿಯುತ್ತದೆ. ಹುಲಿ, ಆನೆ, ಕರಡಿ, ತೋಳ, ನರಿ ಇವೆಲ್ಲ ಅಚ್ಚಗನ್ನಡದ ಹೆಸರುಗಳು. ಸಿಂಹ ಮಾತ್ರ ಸಂಸ್ಕೃತದಿಂದ ಬಂತು. ಹಳಗನ್ನಡ ಅದನ್ನು ‘ಸಿಂಗ’ ಎಂದು ಪಳಗಿಸಿಕೊಂಡಿತು. ‘ಹುಲಿಯ ಬಣ್ಣ ನೋಡಿ ನರಿ ಮೈ ಸುಟ್ಟುಕೊಂಡಿತು’ ಎಂದು ಹೊಲದಲ್ಲಿ ದುಡಿಯುವವರೂ ಆಡುತ್ತಾರೆ. ಸಿಂಹಾಸನ, ಸಿಂಹದ್ವಾರಗಳು ಅರಮನೆಯ ಮಾತುಗಳು. ಕಾಡಿನ ಸಿಂಹ ಇಂದು ನಮ್ಮ ದೇಶದಲ್ಲಿ ಉಳಿದಿರುವುದು ಗುಜರಾತಿನ ಗೀರ್ ಸುತ್ತಮುತ್ತ ಮಾತ್ರ, 2025ರ ಗಣತಿಯಂತೆ 891. ಕೈಯಲ್ಲಿರುವ ನೋಟನ್ನೇ ನೋಡಿ: ರಿಸರ್ವ್ ಬ್ಯಾಂಕಿನ ಮುದ್ರೆಯಲ್ಲಿ ತಾಳೆಮರದ ಕೆಳಗೆ ಹುಲಿ ನಿಂತಿದೆ. ಈಸ್ಟ್ ಇಂಡಿಯಾ ಕಂಪನಿಯ ಮೊಹರು ಎಂಬ ಚಿನ್ನದ ನಾಣ್ಯದಲ್ಲಿ ಅದೇ ಜಾಗದಲ್ಲಿ ಸಿಂಹವಿತ್ತು. ಬ್ಯಾಂಕು ಆರಂಭವಾದಾಗ, ಹುಲಿಯೇ ಈ ನೆಲದ ಪ್ರಾಣಿ ಎಂದು ಬದಲಿಸಿದರು.

ಆದರೂ ನಾನು ನಿಮ್ಮ ಮಗಳ ಪಕ್ಷ. ಸಿಂಹ ನಮ್ಮ ಕಾಡಿಗೆ ಬರಲಿಲ್ಲ, ನಮ್ಮ ಹೆಸರುಗಳಿಗೂ ಮುದ್ರೆಗಳಿಗೂ ಬಂದು ಸಾವಿರ ವರ್ಷ ದಾಟಿತು. ಪಂಪನ ತಾಯಿ ಅಬ್ಬಣಬ್ಬೆ ನಮ್ಮ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು. ಪಂಪನ ತಮ್ಮ ಜಿನವಲ್ಲಭ ಬರೆಯಿಸಿದ ಶಾಸನ ಹಾಗೆ ಹೇಳುತ್ತದೆ. ಪಂಪನನ್ನು ಪೊರೆದ ದೊರೆ ಅರಿಕೇಸರಿ, ಅಂದರೆ ಶತ್ರುಗಳ ಪಾಲಿನ ಸಿಂಹ. ಇನ್ನು ನಿಮ್ಮ ಊರನ್ನೇ ಆಳಿದ ಹಾನಗಲ್ ಕದಂಬರ ಬಾವುಟದಲ್ಲಿ ಕಪಿ ಇದ್ದರೆ ಲಾಂಛನದಲ್ಲಿ ಸಿಂಹವಿತ್ತು. ಗೋವೆಯ ಕದಂಬರದ್ದೂ ಸಿಂಹವೇ. ಹುಬ್ಬಳ್ಳಿಗೆ ಬರುವ ಗೋವಾ ಸರ್ಕಾರದ ‘ಕದಂಬ’ ಬಸ್ಸಿನ ಗುರುತಿನಲ್ಲಿ ಆ ಸಿಂಹ ಈಗಲೂ ಇದೆ. ಮಾವನವರನ್ನು ಒಮ್ಮೆ ಬಸ್ ನಿಲ್ದಾಣಕ್ಕೆ ಕರೆದುಕೊಂಡು ಹೋಗಿ ತೋರಿಸಿ.

ನಾನು ಹುಬ್ಬಳ್ಳಿಯಲ್ಲಿ ಮೂವತ್ತು ವರ್ಷ ಅಂಗಡಿ ಬೋರ್ಡು ಬರೆದವನು. ಸೋಡಾ ಅಂಗಡಿ, ಹಿಟ್ಟಿನ ಗಿರಣಿ, ಬೀಗದ ಅಂಗಡಿ, ಎಲ್ಲರೂ ಸಿಂಹ ಕೇಳುತ್ತಿದ್ದರು. ತಗಡಿನ ಮೇಲೆ ಖಡುವಿನಿಂದ ಗೆರೆ ಹಾಕಿಕೊಂಡು, ಕೇಸರವನ್ನು ಚಪ್ಪಟೆ ಕುಂಚದಲ್ಲಿ ಬಣ್ಣ ಕಡಿಮೆ ಮಾಡಿ ಎಳೆಯುತ್ತಿದ್ದೆ. ಆದರೆ ಪ್ರತಿ ಸಲವೂ ಯಾವುದೋ ಕ್ಯಾಲೆಂಡರಿನ ಆಫ್ರಿಕಾದ ಸಿಂಹವನ್ನೇ ನಕಲು ಮಾಡಿದೆ. ಅದು ನನ್ನನ್ನು ಇಂದಿಗೂ ನೋಯಿಸುತ್ತದೆ. ಗದಗಿನ ಪಕ್ಕದ ಲಕ್ಕುಂಡಿಯಲ್ಲಿ ಕೀರ್ತಿಮುಖಗಳನ್ನು ಹತ್ತಿರ ನಿಂತು ನೋಡಿದ್ದು ಕೈ ನಡುಗಲು ಶುರುವಾದ ಮೇಲೆ. ಬಳಪದ ಕಲ್ಲಿನಲ್ಲಿ ಸಿಂಹದ ಮುಖ, ಉಬ್ಬಿದ ಗುಂಡು ಕಣ್ಣು, ಕೆಳದವಡೆಯೇ ಇಲ್ಲ. ಕೂದಲು ಒಂದೊಂದೂ ಸುರುಳಿ, ಬಾಯಿಂದ ಬಳ್ಳಿ ಹೊರಟು ಇಳಿಯುತ್ತದೆ. ಆ ಶಿಲ್ಪಿ ಜೀವಂತ ಸಿಂಹ ಕಂಡಿರಲಿಕ್ಕಿಲ್ಲ. ಕಾಣದ್ದರಿಂದಲೇ ಅದು ಅಷ್ಟು ಅವನದಾಯಿತು ಎಂದು ನನಗನಿಸುತ್ತದೆ. ನಿಮ್ಮ ಪೊಟ್ಟಣದ ಮೇಲೆ ಆ ಸಿಂಹ ಬರಲಿ, ಮೊಬೈಲಿನಲ್ಲಿ ಇಳಿಸಿಕೊಂಡದ್ದು ಬೇಡ.

ಗುರುತು ಸರಕಿನ ಗುಣ ಹೇಳಬೇಕು. ಫ್ರಾನ್ಸಿನ ಪ್ಯೂಜೊ ಮನೆತನ ಕಾರು ಮಾಡುವುದಕ್ಕಿಂತ ಮೊದಲೇ, 1858ರಲ್ಲಿ, ಸಿಂಹದ ಗುರುತು ನೋಂದಾಯಿಸಿತು. ಆಗ ಅದು ಗರಗಸಕ್ಕೆ: ಸಿಂಹದ ಹಲ್ಲಿನಂತೆ ಗಟ್ಟಿ ಹಲ್ಲು, ಬೆನ್ನಿನಂತೆ ಬಾಗುವ ಗುಣ, ನೆಗೆತದಂತೆ ವೇಗ. ನಿಮ್ಮ ಮೆಣಸಿನಕಾಯಿ ಹೆಸರು ಮಾಡಿರುವುದು ಖಾರಕ್ಕಿಂತ ಬಣ್ಣಕ್ಕೆ. ‘ಕೇಸರ’ ಎಂದರೆ ಸಿಂಹದ ಕತ್ತಿನ ಕೂದಲೂ ಹೌದು, ಹೂವಿನ ಎಳೆಯೂ ಹೌದು; ‘ಕೇಸರಿ’ ಸಿಂಹವೂ ಹೌದು, ಬಣ್ಣವೂ ಹೌದು. ಹಾಗಾಗಿ ಬಾಯಿ ತೆರೆದು ಗರ್ಜಿಸುವ ಸಿಂಹ ನಿಮಗೆ ಒಪ್ಪುವುದಿಲ್ಲ. ಮುಖವನ್ನು ಕಪ್ಪು ಗೆರೆಯಲ್ಲಿ ಬಿಡಿಸಿ, ಕೇಸರದ ಸುರುಳಿಗಳಿಗೆ ಮಾತ್ರ ಬ್ಯಾಡಗಿಯ ಕಡುಗೆಂಪು ತುಂಬಿಸಿ. ಸೊಂಡಿಲು ಮಾತ್ರ ಸೇರಿಸಬೇಡಿ. ಆನೆಯ ತಲೆ, ಕೆಂಪು ಕೇಸರದ ಗಜಕೇಸರಿ ನಮ್ಮ ರಾಜ್ಯ ಲಾಂಛನದಲ್ಲಿದೆ.

ಅಚ್ಚು ಹಾಕಿಸುವ ಮೊದಲು ಟ್ರೇಡ್ ಮಾರ್ಕ್ ಕಚೇರಿಯ ಜಾಲತಾಣದಲ್ಲಿ ಮಸಾಲೆ ಪದಾರ್ಥಗಳ 30ನೆಯ ವರ್ಗವನ್ನು ಮಗಳಿಂದ ಹುಡುಕಿಸಿ. ಸಿಂಹದ ಗುರುತಿನವರು ಬಹಳ ಜನ ಇರುತ್ತಾರೆ. ನೋಂದಣಿಯಾದರೆ ಹತ್ತು ವರ್ಷ ನಿಮ್ಮದು, ಆಮೇಲೆ ನವೀಕರಿಸಬಹುದು.

ಪ್ರಶ್ನೆ: ‘ಸಿಂಹಪಾಲು’ ಎಂದರೆ ಹೆಚ್ಚಿನ ಪಾಲೋ, ಪೂರ್ತಿ ಪಾಲೋ?
— ವಿದ್ಯಾರ್ಥಿನಿ, ಧಾರವಾಡ

ಉತ್ತರ: ಇಂದಿನ ಬಳಕೆಯಲ್ಲಿ ಹೆಚ್ಚಿನ ಪಾಲು. ಮಾತು ಇಂಗ್ಲಿಷಿನ ಮೂಲಕ ಬಂದದ್ದು, ಅದರ ಹಿಂದಿರುವುದು ಈಸೋಪನ ಕತೆ. ಅಲ್ಲಿ ಜೊತೆಗೂಡಿ ಬೇಟೆಯಾಡಿದ ಸಿಂಹ ಪಾಲು ಮಾಡಿದಂತೆ ಮಾಡಿ ಎಲ್ಲವನ್ನೂ ತಾನೇ ಇಟ್ಟುಕೊಳ್ಳುತ್ತದೆ. ಆದ್ದರಿಂದ ದೊಡ್ಡವರು ಚಿಕ್ಕವರದನ್ನು ಕಸಿದ ಕಡೆ ಬರೆಯಮ್ಮ, ಅಲ್ಲಿ ಅದಕ್ಕೆ ಬಲ ಬರುತ್ತದೆ. ‘ಸಿಂಹಾವಲೋಕನ’ವನ್ನೂ ಹಾಗೆಯೇ ಕಾಪಾಡಿಕೊ. ಸಿಂಹ ಸ್ವಲ್ಪ ದೂರ ನಡೆದು, ಕತ್ತು ತಿರುಗಿಸಿ ಬಂದ ದಾರಿಯನ್ನು ನೋಡುತ್ತದೆ ಎಂಬುದರಿಂದ ಹುಟ್ಟಿದ ಮಾತು ಅದು. ಮೊನ್ನೆ ಒಂದು ಆಮಂತ್ರಣ ಪತ್ರಿಕೆಯಲ್ಲಿ ‘ಮುಂದಿನ ವರ್ಷದ ಯೋಜನೆಗಳ ಸಿಂಹಾವಲೋಕನ’ ಎಂದಿತ್ತು. ಅಲ್ಲಿ ‘ಮುನ್ನೋಟ’ ಎಂದು ಬರೆಯಬೇಕಿತ್ತು.