ಆ ಮೋಟರ್‌ನಿಂದಲೇ ಶುರು ಮಾಡಿ

ನಮಸ್ಕಾರ,

ಸೇನೆಯ ಡ್ರೋನ್‌ಗಳಲ್ಲಿ ಚೀನಾ ಬಿಡಿಭಾಗ ಬೇಡ ಅನ್ನುವ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಆದರೆ ಬಿಟ್ಟುಬಿಡಲು ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಮೂರು ಪುಟ ತೆಗೆದುಬಿಡಿ. ಅಲ್ಲಿ ‘ಸ್ವಾವಲಂಬನೆ’ ಹನ್ನೊಂದು ಸಲ ಬಂದಿದೆ, ಒಂದೇ ಒಂದು ಬಿಡಿಭಾಗದ ಹೆಸರು ಬಂದಿಲ್ಲ. ಲೇಖನಕ್ಕೆ ಜೀವ ಬರುವುದು ನಾಲ್ಕನೇ ಪುಟದಲ್ಲಿ, ಪೀಣ್ಯದ ನಿಮ್ಮ ಕೆಲಸದ ಮೇಜಿನ ಮೇಲೆ ನೀವು ಡ್ರೋನ್ ಮೋಟರ್ ಬಿಚ್ಚಿದಾಗ. ಬಟ್ಟಲಿನಂಥ ಹೊರಕವಚದ ಒಳಗೆ ಸುತ್ತಲೂ ಅಂಟಿಸಿದ ಹದಿನಾಲ್ಕು ಪುಟ್ಟ ಅಯಸ್ಕಾಂತ. ಬಿಚ್ಚುವ ಮುಂಚೆ ಬೆರಳಲ್ಲಿ ತಿರುಗಿಸಿದರೆ ತಡೆದು ತಡೆದು ತಿರುಗುತ್ತದೆ ಅಂತ ಬರೆದಿದ್ದೀರಲ್ಲ, ಓದುವಾಗ ನನ್ನ ಬೆರಳಿಗೂ ಅದು ತಾಗಿತು.

ಆ ಅಯಸ್ಕಾಂತದ ಬೆನ್ನು ಹತ್ತಿ. ಅದರಲ್ಲಿರುವ ನಿಯೋಡಿಮಿಯಂ ಅನ್ನುವ ಲೋಹ ನಮ್ಮ ಕೇರಳ, ಒಡಿಶಾ ಕಡಲತೀರದ ಮೊನಜೈಟ್ ಮರಳಲ್ಲೂ ಇದೆ. ಮತ್ತೆ ಚೀನಾದಿಂದ ಯಾಕೆ ತರಿಸುತ್ತೇವೆ? ಮರಳು ಇದ್ದರೆ ಸಾಲದು. ಜೊತೆಗೆ ಬರುವ, ವಿಕಿರಣ ಸೂಸುವ ಥೋರಿಯಂ ಅನ್ನು ಜೋಪಾನವಾಗಿ ತೆಗೆಯಬೇಕು. ಗುಣದಲ್ಲಿ ಅಣ್ಣತಮ್ಮಂದಿರಂತಿರುವ ಲೋಹಗಳನ್ನು ಒಂದೊಂದಾಗಿ ಬೇರ್ಪಡಿಸಬೇಕು. ಆಮೇಲೆ ಪುಡಿ ಮಾಡಿ, ಒತ್ತಿ, ಕುಲುಮೆಯಲ್ಲಿ ಕಾಯಿಸಬೇಕು. ಜಗತ್ತಿನ ಇಂಥ ಅಯಸ್ಕಾಂತಗಳಲ್ಲಿ ಶೇ. 90ರಷ್ಟು ತಯಾರಾಗುವುದು ಚೀನಾದಲ್ಲೇ. ಇದನ್ನೆಲ್ಲ ನೀವು ಒಂದು ಸಾಲಲ್ಲಿ ದಾಟಿದ್ದೀರಿ. ಎರಡು ಪುಟ ಕೊಡಿ.

‘ನಿಷೇಧ ಹಾಕಿದರೆ ಸಾಕು’ ಅನ್ನುವುದನ್ನು ನಾನು ಒಪ್ಪಲಾರೆ. 2023ರಲ್ಲೇ ಸೇನೆಯ ಡ್ರೋನ್‌ಗಳಿಗೆ ಚೀನಾ ಭಾಗ ಬಳಸಬಾರದು ಅಂತ ನಮ್ಮ ಸರ್ಕಾರ ಹೇಳಿದ್ದಾಗಿತ್ತು. ಆದರೂ 2025ರ ಫೆಬ್ರವರಿಯಲ್ಲಿ ಅದೇ ಕಾರಣಕ್ಕೆ 400 ಸಾಗಣೆ ಡ್ರೋನ್‌ಗಳ ಒಪ್ಪಂದ ರದ್ದಾಯಿತು. ಅಮೆರಿಕದವರು 2022ರಲ್ಲಿ ತಮ್ಮ ಎಫ್-35 ಯುದ್ಧವಿಮಾನದ ಒಂದು ಅಯಸ್ಕಾಂತದಲ್ಲಿ ಚೀನಾ ಮಿಶ್ರಲೋಹ ಇದೆ ಅಂತ ತಿಳಿದು ಹೊಸ ವಿಮಾನ ಪಡೆಯುವುದನ್ನೇ ನಿಲ್ಲಿಸಿದರು. ಆಮೇಲೆ ವಿನಾಯಿತಿ ಕೊಟ್ಟು ಅವನ್ನೇ ತೆಗೆದುಕೊಂಡರು. ಬೇಡ ಅನ್ನುವ ಮುಂಚೆ ಬೇರೆಯದು ಕೈಲಿರಬೇಕು, ಅಲ್ವಾ?

ಒಂದು ತಪ್ಪು ತಿದ್ದಿಕೊಳ್ಳಿ. 2025ರ ಏಪ್ರಿಲ್‌ನಲ್ಲಿ ಚೀನಾ ಈ ಗುಂಪಿನ ಲೋಹಗಳ ರಫ್ತು ನಿಷೇಧಿಸಲಿಲ್ಲ, ಅವುಗಳಲ್ಲಿ ಏಳರ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿತು. ಅಯಸ್ಕಾಂತ ಬಿಸಿ ತಾಳಲು ಬೆರೆಸುವ ಡಿಸ್ಪ್ರೋಸಿಯಂ ಅದರಲ್ಲೊಂದು. ಅದೇ ವರ್ಷ ನವೆಂಬರ್‌ನಲ್ಲಿ ನಮ್ಮ ಸರ್ಕಾರ ಅಯಸ್ಕಾಂತ ತಯಾರಿಕೆಗೆ ಒಪ್ಪಿದ 7,280 ಕೋಟಿ ರೂಪಾಯಿ ಯೋಜನೆಯನ್ನೂ ಸೇರಿಸಿ.

ನಿಮ್ಮಲ್ಲಿ ಸಾಮಾನು ಕೊಳ್ಳುವವರನ್ನು ಕೇಳಿ. ಚೀನಾ ಮೋಟರ್ ಎಷ್ಟಕ್ಕೆ, ಇಲ್ಲಿಯದು ಎಷ್ಟಕ್ಕೆ, ಯಾವುದು ಎಷ್ಟು ದಿನದಲ್ಲಿ ಬರುತ್ತೆ? ಆ ಉತ್ತರಗಳ ಜೊತೆ ಮತ್ತೆ ಕಳಿಸಿ. ಕಾಯುತ್ತಿರುತ್ತೇನೆ.